ಭಾನುವಾರದ ಬೈಟು ಕಾಫಿಗೆ ಒಂದು ಸೆಟ್ಟಿಂಗ್

ಲಾಲ್‌ಬಾಗಿನಲ್ಲಿ ಒಂದು ಸುತ್ತು ಹೊಡೆದು ದರ್ಶಿನಿ ಮುಂದೆ ನಿಂತರೆ ನಮ್ಮ ಗುಂಪಿನ ಮಾತು ಮೊದಲು ಮಂಡಿನೋವು, ಆಮೇಲೆ ಮೆಟ್ರೋ, ಆಮೇಲೆ ಫೋನ್ ವಂಚನೆಯಲ್ಲಿ ಯಾರ ದುಡ್ಡು ಹೋಯಿತು ಅನ್ನೋದು. ಈಚೆಗೆ ಮೂರನೇದೇ ಜಾಸ್ತಿ. ಎಲ್ಲರ ಹತ್ತಿರವೂ ಒಂದು ಕಥೆ ಇರುತ್ತದೆ, ಜೊತೆಗೆ ಒಂದು ಪುಕ್ಕಟೆ ಸಲಹೆ. ಆದರೆ ಲೋಟ ಕೆಳಗಿಟ್ಟು ಮನೆಗೆ ಹೋದ ಮೇಲೆ ಯಾರೂ ಫೋನಿನಲ್ಲಿ ಒಂದು ಬಟನ್ನನ್ನೂ ಒತ್ತುವುದಿಲ್ಲ. ಅದಕ್ಕೇ ನಾವೊಂದು ಪದ್ಧತಿ ಮಾಡಿಕೊಂಡೆವು. ಭಾನುವಾರಕ್ಕೆ ಒಂದೇ ಸೆಟ್ಟಿಂಗ್. ಅಲ್ಲೇ, ಕಾಫಿ ಆರುವುದರೊಳಗೆ. ನಿಮ್ಮ ಗುಂಪಿನಲ್ಲೂ ಮಾಡಬಹುದು, ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ನಿಯಮ. ಬೇರೆಯವರ ಫೋನನ್ನು ಕೈಗೆ ತಗೋಬೇಡಿ. ಅವರು ಮೆನು ಹುಡುಕುತ್ತಾ ಮೂರು ಸಲ ತಪ್ಪು ಜಾಗಕ್ಕೆ ಹೋಗುವಾಗ ನಮ್ಮ ಬೆರಳು ತುರಿಸುತ್ತದೆ, ಗೊತ್ತು. ಆದರೂ ತಡೆದುಕೊಳ್ಳಿ. ನಾವು ಮಾಡಿಕೊಟ್ಟರೆ ಅವರು ಕಲಿಯುವುದು ಒಂದೇ: ‘ನನ್ನ ಫೋನನ್ನು ಯಾರ ಕೈಗಾದರೂ ಕೊಡಬಹುದು.’ ಇನ್ನೊಂದು ವಿಷಯ, ದುಡ್ಡು ಕಳಕೊಂಡವರನ್ನು ‘ಅಷ್ಟೂ ಗೊತ್ತಾಗಲಿಲ್ವಾ’ ಅಂತ ಕೇಳಬೇಡಿ. ಒಬ್ಬರಿಗೆ ಹಾಗೆ ಕೇಳಿದರೆ ಮುಂದಿನ ನಾಲ್ಕು ಜನ ಬಾಯಿ ಬಿಡುವುದಿಲ್ಲ.

ಶುರು ಮಾಡುವುದಕ್ಕೆ ವಾಟ್ಸ್‌ಆ್ಯಪ್ ಸುಲಭ, ಎಲ್ಲರಲ್ಲೂ ಇದೆಯಲ್ಲ. ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್. ಆರು ಅಂಕಿಯ ಪಿನ್ ಹಾಕಿ. ಹುಟ್ಟಿದ ದಿನ ಬೇಡ. ಇದಿದ್ದರೆ ಯಾರಾದರೂ ನಿಮ್ಮಿಂದ ಓಟಿಪಿ ಕಿತ್ತುಕೊಂಡರೂ ಬೇರೆ ಫೋನಿನಲ್ಲಿ ನಿಮ್ಮ ಖಾತೆ ತೆರೆಯಲು ಈ ಪಿನ್ ಬೇಕು. ಹಾಗೇ ಲಿಂಕ್ಡ್ ಡಿವೈಸಸ್ ನೋಡಿ, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ನಮ್ಮಲ್ಲಿ ಒಬ್ಬರಿಗೆ ಹಳೇ ಆಫೀಸಿನ ಕಂಪ್ಯೂಟರ್ ಇನ್ನೂ ಅಂಟಿಕೊಂಡಿತ್ತು. ಅವರು ರಿಟೈರ್ ಆಗಿ ಆರು ತಿಂಗಳು!

ಎರಡನೇ ವಾರ ಕಾಲ್ ಫಾರ್ವರ್ಡಿಂಗ್. ಕೊರಿಯರ್‌ನವನ ಹೆಸರಿನಲ್ಲಿ ಫೋನ್ ಬರುತ್ತದೆ, ‘ನಿಮ್ಮ ಪಾರ್ಸೆಲ್ ನಿಂತಿದೆ, ಈ ನಂಬರ್ ಒತ್ತಿ’ ಅನ್ನುತ್ತಾನೆ. ಆ ನಂಬರ್ ಸ್ಟಾರ್‌ನಿಂದ ಶುರುವಾಗಿ ಕೊನೆಗೆ ಹತ್ತಂಕಿಯ ಮೊಬೈಲ್ ನಂಬರ್ ಇದ್ದರೆ, ಒತ್ತಿದಿರೋ, ನಿಮ್ಮ ಕಾಲ್‌ಗಳೆಲ್ಲ ಅವನಿಗೆ ಹೋಗಬಹುದು. ಕಾಲ್ ಮೂಲಕ ಬರುವ ಓಟಿಪಿ ಕೂಡ. *#21# ಒತ್ತಿದರೆ ಫಾರ್ವರ್ಡ್ ಆಗಿದೆಯಾ ತೋರಿಸುತ್ತದೆ, ##002# ಒತ್ತಿದರೆ ಎಲ್ಲಾ ರದ್ದಾಗುತ್ತದೆ. ಕೋಡ್ ಕೆಲಸ ಮಾಡದಿದ್ದರೆ ಫೋನ್ ಆ್ಯಪಿನ ಕಾಲ್ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿ.

ಇನ್ನು ನಿಧಾನವಾಗಿ ಮಾಡಬೇಕಾದ್ದು. ಎಪಿಕೆ.

ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ಒಂದು ಭಾನುವಾರ ಟೇಬಲ್ ಮೇಲೆ ಫೋನಿಟ್ಟು ‘ನೋಡಪ್ಪ, ಸಿಗ್ನಲ್ ಜಂಪ್ ಮಾಡಿದೀನಂತೆ’ ಅಂದರು. ಮೆಸೇಜಿನಲ್ಲಿ ಗಾಡಿ ನಂಬರ್ ಸರಿಯಾಗೇ ಇತ್ತು, ಪೊಲೀಸ್ ಲಾಂಛನ ಇತ್ತು, ಕೆಳಗೆ ಚಲನ್ ಅಂತ ಒಂದು ಫೈಲು. ಫೈಲಿನ ಹೆಸರಿನ ಕೊನೆಯಲ್ಲಿ ಪಿಡಿಎಫ್ ಇರಲಿಲ್ಲ, ಎಪಿಕೆ ಇತ್ತು. ಪಿಡಿಎಫ್ ಅಂದರೆ ಓದುವ ಕಾಗದ. ಎಪಿಕೆ ಅಂದರೆ ಫೋನಿನೊಳಗೆ ಸೇರಿಕೊಳ್ಳುವ ಆ್ಯಪು, ಒಳಗೆ ಕೂತ ಮೇಲೆ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ನಾವು ಅಭ್ಯಾಸಬಲದಿಂದ ‘ಅಲೋ’ ಒತ್ತುತ್ತೇವೆ, ಅಲ್ಲಿಗೆ ಬ್ಯಾಂಕಿನ ಓಟಿಪಿ ಅವರ ಕೈಗೆ. ಮದುವೆ ಕರೆಯೋಲೆ ರೂಪದಲ್ಲೂ ಇದೇ ಬರುತ್ತದೆ. ಅಯ್ಯೋ, ಯಾರ ಮದುವೆ ಅಂತ ನೋಡದೆ ಇರೋಕಾಗುತ್ತಾ!

ಅವರಿಗೆ ಆವತ್ತು ಮಾಡಿಸಿದ್ದು ಇಷ್ಟು. ಆಂಡ್ರಾಯ್ಡ್ ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್. ಅಲ್ಲಿ ಒಂದು ಪಟ್ಟಿ ಬರುತ್ತದೆ. ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್, ಎಲ್ಲದರ ಮುಂದೆಯೂ ‘ನಾಟ್ ಅಲೋಡ್’ ಇರಬೇಕು. ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ, ಹಾಗಾಗಿ ಸೆಟ್ಟಿಂಗ್ಸ್ ಮೇಲಿನ ಹುಡುಕುವ ಜಾಗದಲ್ಲಿ ‘ಅನ್‌ನೋನ್’ ಅಂತ ಟೈಪ್ ಮಾಡಿದರೆ ಬೇಗ ಸಿಗುತ್ತದೆ. ಜೊತೆಗೆ ಆ್ಯಕ್ಸೆಸಿಬಿಲಿಟಿ ಒಳಗೂ ಒಂದು ಸಲ ಇಣುಕಿ. ಆ ಅನುಮತಿ ಪಡೆದ ಆ್ಯಪ್ ನಿಮ್ಮ ಪರದೆ ಓದಬಲ್ಲದು, ನಿಮ್ಮ ಬದಲು ಬಟನ್ ಕೂಡ ಒತ್ತಬಲ್ಲದು. ದಂಡದ ವಿಚಾರಕ್ಕೆ ಬಂದರೆ, ನಿಜವಾಗಿ ಇದೆಯಾ ಇಲ್ಲವಾ ಅಂತ ಹತ್ತಿರದ ಸರ್ಕಾರಿ ಸೇವಾ ಕೇಂದ್ರ ಬೆಂಗಳೂರು ಒನ್‌ನಲ್ಲಿ ಕೇಳಿ ಅಲ್ಲೇ ಕಟ್ಟಬಹುದು. ಅವರು ಕೇಳಿಕೊಂಡು ಬಂದರು. ಆ ಚಲನ್ ಸುಳ್ಳು, ಆದರೆ ಎರಡು ಹಳೇ ದಂಡ ನಿಜವಾಗಿಯೂ ಬಾಕಿ ಇತ್ತು. ಆ ವಾರದ ಕಾಫಿ ಅವರ ಲೆಕ್ಕ.

ನಾನೇ ಎಡವಿದ್ದೂ ಇದೆ. ಫೋನ್ ಕಳೆದರೆ ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಓಟಿಪಿ ತರಿಸಿಕೊಳ್ಳುತ್ತಾನೆ ಅಂತ ನಮ್ಮ ಅತ್ತೆಗೆ ಸಿಮ್ ಪಿನ್, ಅಂದರೆ ಸಿಮ್ಮಿಗೇ ಒಂದು ಬೀಗ, ಹಾಕಿಸಲು ಕೂತೆ. ಅದನ್ನು ಆನ್ ಮಾಡಲು ಮೊದಲು ಕಂಪನಿ ಇಟ್ಟ ಪಿನ್ ಕೊಡಬೇಕು. 1234 ಇರಬಹುದು ಅಂತ ಒತ್ತಿದೆ. ಅಲ್ಲ. 0000. ಅಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮೂರನೇ ಸಲಕ್ಕೆ ಸಿಮ್ ಬೀಗ ಹಾಕಿಕೊಂಡು, ಅದನ್ನು ತೆಗೆಯುವ ಕೋಡ್ ಪಿಯುಕೆ ಕೇಳಿತು. ಭಾನುವಾರ, ಸಿಮ್ ಕಂಪನಿ ಅಂಗಡಿ ಮುಚ್ಚಿತ್ತು, ಅತ್ತೆ ಮಾರನೇ ದಿನದವರೆಗೂ ನನ್ನ ಜೊತೆ ಮಾತಾಡಲಿಲ್ಲ, ಮಾತಾಡಲು ಫೋನೂ ಇರಲಿಲ್ಲ ಬಿಡಿ. ಹಾಗಾಗಿ ಸಿಮ್ ಪಿನ್ ಹಾಕಿ, ಒಳ್ಳೇದೇ. ಆದರೆ ಕಂಪನಿಯ ಡಿಫಾಲ್ಟ್ ಪಿನ್ ಮತ್ತು ಪಿಯುಕೆ ಎರಡನ್ನೂ ಮೊದಲು ಕಸ್ಟಮರ್ ಕೇರ್‌ನಿಂದ ಕೇಳಿ ಬರೆದಿಟ್ಟುಕೊಳ್ಳಿ. ಪಿಯುಕೆ ಹತ್ತು ಸಲ ತಪ್ಪಾದರೆ ಸಿಮ್ಮೇ ಸತ್ತುಹೋಗುತ್ತದೆ.

ಸಿಮ್ ಅಂದಾಗ ಇನ್ನೊಂದು. ಸಂಚಾರ್ ಸಾಥಿ ಅಂತ ಸರ್ಕಾರದ ತಾಣ ಇದೆ, 2023ರಲ್ಲಿ ಬಂತು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಓಡುತ್ತಿವೆ ಅಂತ ಅಲ್ಲಿ ತೋರಿಸುತ್ತದೆ. ನಿಮ್ಮದಲ್ಲದ್ದು ಕಂಡರೆ ‘ನನ್ನದಲ್ಲ’ ಅಂತ ಗುರುತು ಹಾಕಿ. ಎರಡು ನಿಮಿಷದ ಕೆಲಸ.

ಪಾಸ್‌ವರ್ಡ್ ಬಗ್ಗೆ ಮಾತು ಬಂದರೆ ಕಾಫಿ ಎರಡನೇ ರೌಂಡಿಗೆ ಹೋಗುತ್ತದೆ. ‘ತಿಂಗಳಿಗೊಮ್ಮೆ ಬದಲಾಯಿಸಬೇಕು’ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಈ ಮಾತು ಕೈಬಿಟ್ಟಿದೆ, ಕದ್ದುಹೋಗಿರುವ ಸುಳಿವಿದ್ದರೆ ಮಾತ್ರ ಬದಲಿಸಿ ಅನ್ನುತ್ತದೆ. ಕಾರಣ ಸರಳ, ಬದಲಿಸು ಅಂತ ಪೀಡಿಸಿದರೆ ಜನ ಮಾಡುವುದು ಕೊನೆಯ 1 ಅನ್ನು 2 ಮಾಡುವುದು. ನಾನೂ ಮಾಡಿದ್ದೇನೆ. 7ರವರೆಗೂ ಹೋಗಿದ್ದೆ.

ನಿಜವಾದ ಅಪಾಯ ಬೇರೆ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಹಾಕುವುದು. 2009ರಲ್ಲಿ ರಾಕ್‌ಯು ಅನ್ನುವ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಹೊರಬಿದ್ದವು, ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಸಲ ಇದ್ದದ್ದು 123456. ಆ ಪಟ್ಟಿಯನ್ನು ಇವತ್ತಿಗೂ ಕಳ್ಳರು ಬೀಗದ ಕೈ ಗೊಂಚಲಿನ ಥರ ಬಳಸುತ್ತಾರೆ. ಹಾಗಾಗಿ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಅದು ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಆ್ಯಪು, ಪ್ರತಿ ಖಾತೆಗೂ ಅದೇ ಬೇರೆ ಬೇರೆ ಹುಟ್ಟಿಸಲಿ. ನಿಮ್ಮ ತಲೆಯಲ್ಲಿ ಇರಬೇಕಾದ್ದು ಆ ಮ್ಯಾನೇಜರ್‌ನ ಒಂದು ಪಾಸ್‌ವರ್ಡ್ ಅಷ್ಟೇ. ಅದನ್ನು ದಾಳ ಹಾಕಿ ಮಾಡಿ.

ನಾವು ಮಾಡಿದ್ದು ಹೀಗೆ. 216 ಕನ್ನಡ ಪದಗಳ ಪಟ್ಟಿ ಬರೆದೆವು, ಹಲಸು, ಕಿಟಕಿ, ಚಕ್ಕುಲಿ, ಕೊಡೆ, ಹೀಗೆ. 216 ಯಾಕೆ? ದಾಳ ಮೂರು ಸಲ ಬಿದ್ದರೆ 6×6×6. 1‑1‑1 ಮೊದಲ ಪದ, 6‑6‑6 ಕೊನೆಯದು. ಏಳು ಪದ ಬರುವವರೆಗೆ ಹಾಕಿ. ಏಳು ಪದಕ್ಕೆ 200 ಕೋಟಿ ಕೋಟಿಗೂ ಜಾಸ್ತಿ ಜೋಡಣೆಗಳು, ಪಟ್ಟಿ ಕಳ್ಳನ ಕೈಗೆ ಸಿಕ್ಕರೂ ಲೆಕ್ಕ ಅಷ್ಟೇ ಇರುತ್ತದೆ. ಹಾವು ಏಣಿ ಆಟದ ದಾಳ ಸಾಕು. ಕವಡೆ ಬೇಡ, ಅದು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಿಲ್ಲ, ಚೌಕಾಬಾರ ಆಡಿದವರಿಗೆ ಗೊತ್ತಿರುತ್ತೆ ಅಲ್ವಾ. ಬಂದ ಪದ ಇಷ್ಟವಾಗಲಿಲ್ಲ ಅಂತ ಬದಲಿಸಲೂ ಬೇಡಿ, ನಮಗೆ ಇಷ್ಟವಾಗುವ ಪದವನ್ನು ಕಳ್ಳನೂ ಊಹಿಸುತ್ತಾನೆ. ಒಂದು ತೊಡಕು ಇದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ಬಾಳೆಗೆ ಎ ಒಂದಾ ಎರಡಾ ಅಂತ ನಮ್ಮಲ್ಲಿ ಅರ್ಧ ಗಂಟೆ ಜಗಳವಾಯಿತು. ಪಟ್ಟಿ ಬರೆಯುವಾಗಲೇ ಪಕ್ಕದಲ್ಲಿ ಸ್ಪೆಲಿಂಗ್ ಬರೆದುಬಿಡಿ.

ಯುಪಿಐ ಬಗ್ಗೆ ಒಂದೇ ಮಾತು. ದುಡ್ಡು ಬರುವುದಕ್ಕೆ ಪಿನ್ ಬೇಡ. ದುಡ್ಡು ಬರುತ್ತದೆ ಅಂತ ಹೇಳಿ ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಇಷ್ಟೆಲ್ಲ ಮಾಡಿಯೂ ಹೋಯಿತು ಅನ್ನಿ. ಗಾಬರಿಯಲ್ಲಿ ಮಗನಿಗೆ, ಅಳಿಯನಿಗೆ ಫೋನ್ ಮಾಡುತ್ತಾ ಕೂರಬೇಡಿ, ಮೊದಲು 1930. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಲು ಅವರಿಗೆ ಸಾಧ್ಯವಾಗಬಹುದು, ಹಾಗಾಗಿ ನಿಮಿಷಗಳ ಲೆಕ್ಕ. ಆಮೇಲೆ ಬ್ಯಾಂಕಿಗೆ, ಆಮೇಲೆ ನಿಮ್ಮ ವಿಭಾಗದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ. ಬ್ಯಾಂಕಿಗೆ ಹೇಳಿದ ಹೊತ್ತು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆರ್‌ಬಿಐನ ನಿಯಮದ ಪ್ರಕಾರ, ತಪ್ಪು ನಿಮ್ಮದೇ ಇದ್ದರೂ, ನೀವು ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನ ತಲೆಗೆ. 1930 ಅನ್ನು ಇವತ್ತೇ ಕಾಂಟ್ಯಾಕ್ಟ್‌ನಲ್ಲಿ ಸೇವ್ ಮಾಡಿ. ನಮ್ಮ ಗುಂಪಿನ ಹಿರಿಯರು ಅದನ್ನು ‘ಆಪತ್ತು’ ಅಂತ ಸೇವ್ ಮಾಡಿಕೊಂಡಿದ್ದಾರೆ, ಆ ಅಕ್ಷರದಿಂದ ಶುರುವಾಗುವ ಹೆಸರು ಪಟ್ಟಿಯಲ್ಲಿ ಮೇಲೆಯೇ ಸಿಗುತ್ತದಂತೆ.