ಕಣ್ಣು ಕಾಣದ ದೊಡ್ಡಪ್ಪನ ಜೊತೆ ಆಟಕ್ಕೆ ಹೋಗುವುದು

ಸಕ್ಕರೆ ಕಾಯಿಲೆಯಿಂದ ದೊಡ್ಡಪ್ಪನ ಎರಡೂ ಕಣ್ಣು ಹೋದ ಮೇಲೆ, ಅವರನ್ನು ಮನೆಯಲ್ಲೇ ಬಿಟ್ಟು ನಾವೆಲ್ಲ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೋಗುತ್ತಿದ್ದೆವು. ‘ಅವರಿಗೆ ಸುಮ್ನೆ ನಿದ್ದೆಗೇಡು’ ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ದು. ಅವರನ್ನು ಯಾರೂ ಕೇಳಿರಲಿಲ್ಲ. ಈಗ ಶಿರಸಿ ಸುತ್ತಮುತ್ತ ಎಲ್ಲಿ ಯಕ್ಷಗಾನ ಇದ್ದರೂ ನಾವಿಬ್ಬರೂ ಜೋಡಿ.

ನೀವೂ ಕಣ್ಣು ಕಾಣದವರನ್ನು ಕರೆದೊಯ್ಯುವುದಾದರೆ, ಮೊದಲು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ. ಮೇಳದವರಿಗೆ ಮುಂಚೆಯೇ ಹೇಳಿಟ್ಟಿರಿ, ಬಣ್ಣ ಹಚ್ಚಲು ಕೂರುವ ಮೊದಲೇ ತಲುಪಿ. ಕಲಾವಿದರನ್ನು ಕೇಳಿ ಕಿರೀಟ, ಭುಜಕೀರ್ತಿ, ಗೆಜ್ಜೆ ಮುಟ್ಟಿ ನೋಡಲು ಕೊಡಿ. ದೊಡ್ಡಪ್ಪನಿಗೆ ಇದು ಅಷ್ಟು ಬೇಕಿಲ್ಲ. ಹೆಸರಾಂತ ಕಲಾವಿದ ಚಿಟ್ಟಾಣಿಯವರ ಭಸ್ಮಾಸುರ ಇನ್ನೂ ಅವರ ಕಣ್ಣೊಳಗೇ ಇದ್ದಾನೆ. ಹುಟ್ಟಿನಿಂದಲೇ ಕಾಣದವರಾದರೆ ಇದನ್ನು ತಪ್ಪಿಸಲೇಬೇಡಿ.

ನಡೆಯುವಾಗ ಕೈ ಹಿಡಿದು ಎಳೆಯಬೇಡಿ. ಅವರೇ ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಟೆಂಟಿನ ಹಗ್ಗ, ಗೂಟ ಬಂದರೆ ನಿಂತು ಹೇಳಿ. ಸ್ಪೀಕರ್ ಬುಡದಲ್ಲಂತೂ ಕೂರಬೇಡಿ. ಚಂಡೆಯ ಅಬ್ಬರಕ್ಕೆ ಅಲ್ಲಿ ಗೆಜ್ಜೆಯೂ ಕೇಳುವುದಿಲ್ಲ, ನಿಮ್ಮ ಪಿಸುಮಾತೂ ಕೇಳುವುದಿಲ್ಲ.

ಕಷ್ಟ ಇರುವುದು ಆ ಪಿಸುಮಾತಿನಲ್ಲೇ. ಮೊದಲ ರಾತ್ರಿ ನಾನು ಸೀರೆಯ ಬಣ್ಣದಿಂದ ಹಿಡಿದು ಎಲ್ಲವನ್ನೂ ಹೇಳುತ್ತಲೇ ಇದ್ದೆ. ‘ಕೂಸೇ, ಭಾಗವತರ ಪದ್ಯ ಕೇಳಲೆ ಬಿಡು’ ಅಂದರು ದೊಡ್ಡಪ್ಪ. ಭಾಗವತರು ಹಾಡುವ ಪದ್ಯಕ್ಕೂ, ವೇಷಧಾರಿಗಳು ಆಡುವ ಮಾತಿಗೂ (ಅದೇ ಅರ್ಥ) ಅಡ್ಡ ಬರಬೇಡಿ. ಕುಣಿತ ಶುರುವಾದಾಗ ಇಷ್ಟೇ ಮಾತು ಸಾಕು: ಯಾರು ಬಂದರು, ಕೈಯಲ್ಲಿ ಏನಿದೆ, ಯಾರ ಕಡೆ ತಿರುಗಿದರು. ‘ಭಾರೀ ಚಂದ ಕುಣಿದ’ ಅಂದರೆ ಅದು ನಿಮ್ಮ ಅಭಿಪ್ರಾಯ ಆಯ್ತು. ‘ಮಂಡಿ ಹಾಕುತ್ತಾ ರಂಗಸ್ಥಳ ಸುತ್ತಿದ’ ಅನ್ನಿ, ಚಂದವೋ ಅಲ್ಲವೋ ಅವರೇ ಹೇಳುತ್ತಾರೆ.

ಹಾಸ್ಯಗಾರ ಮಾತಿಲ್ಲದೆ ಏನಾದರೂ ಮಾಡಿದನೋ, ಆಗ ಕಾಯಬೇಡಿ. ತಕ್ಷಣ ಹೇಳಿ. ಊರೆಲ್ಲ ನಗುತ್ತಿರುವಾಗ ಒಬ್ಬರೇ ‘ಎಂತ ಆತೇ?’ ಅಂತ ಕೇಳುವ ಹಾಗಾಗಬಾರದು. ನೀವು ಪೂರ್ತಿ ನಕ್ಕು ಆಮೇಲೆ ವಿವರಿಸಿದರೆ ಆ ನಗು ಆರಿಹೋಗಿರುತ್ತದೆ, ಅಲ್ವಾ?

ರಾತ್ರಿ ನಿದ್ದೆಗೆಡುವುದು ಆಗದಿದ್ದರೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟ ನೋಡಿಕೊಳ್ಳಿ. ಇಲ್ಲವೇ ತಾಳಮದ್ದಲೆಗೆ ಹೋಗಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೀ ಪದ್ಯ ಮತ್ತು ಅರ್ಥ. ನನ್ನ ಕೆಲಸ ಚಹಾ ತಂದುಕೊಡುವುದಷ್ಟೇ. ಕೃಷ್ಣನ ವಾದ ತಲೆಬುಡ ಗೊತ್ತಾಗದೆ ನಾನು ಪಿಳಿಪಿಳಿ ನೋಡುತ್ತಾ ಕೂತರೆ, ದೊಡ್ಡಪ್ಪನೇ ನನ್ನ ಕಿವಿಯಲ್ಲಿ ಬಿಡಿಸಿ ಹೇಳುತ್ತಾರೆ. ಅದೂ ಪದ್ಯಕ್ಕೆ ಅಡ್ಡ ಬಾರದ ಹಾಗೆ.