ಸ್ಲೈಡಿನಲ್ಲಿ ಕಾಣದ ಏಲಕ್ಕಿ: ಕೊಡಗಿನ ಜೇನಿನ ಪರಾಗ ಎಣಿಸಿದ ನನ್ನ ಅನುಭವ

ಕೊಡಗಿನಲ್ಲಿ ಯಾರ ಮನೆಯಲ್ಲಿ ಜೇನುತುಪ್ಪ ಕೇಳಿದರೂ ಮೊದಲು ಬರುವುದು ಹೂವಿನ ಹೆಸರು. ಇದು ಕಾಫಿ ಹೂವಿನದು, ಇದು ನೇರಳೆಯದು, ಇದು ಏಲಕ್ಕಿ ಮಲೆಯದು. ಬಣ್ಣ ನೋಡಿ, ರುಚಿ ನೋಡಿ, ಪೆಟ್ಟಿಗೆ ಬಿಚ್ಚಿದ ತಿಂಗಳು ನೋಡಿ ಹೇಳುತ್ತಾರೆ. ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತದೆ. ಆದರೆ ಬಾಟಲಿ ಮೇಲೆ ‘ಕಾಫಿ ಜೇನು’ ಅಂತ ಚೀಟಿ ಅಂಟಿಸಿ ಮಾರುವಾಗ ಅಷ್ಟು ಸಾಲದು. ಸಾಕ್ಷಿ ಜೇನಿನೊಳಗೇ ಇದೆ, ಅದೇ ಹೂವಿನ ಪರಾಗ. ಅದನ್ನು ಮೈಕ್ರೋಸ್ಕೋಪಿನಲ್ಲಿ ಗುರುತಿಸುವ ಕೆಲಸವನ್ನು ನಾನು ಓದುವಾಗ ಕಲಿತೆ. ಈಗಲೂ ಮಾಡುತ್ತಿದ್ದೇನೆ.

ನಮ್ಮ ಮನೆ ಭಾಗಮಂಡಲದ ಕಡೆ. ಅಪ್ಪನ ಕಾಲದಿಂದಲೂ ತುಡುವೆ ಜೇನಿನ ಪೆಟ್ಟಿಗೆಗಳಿವೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೇಗೆ ಬರಿದು ಮಾಡಿತು ಅನ್ನುವುದು ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತು. ಹಾಗೆ ಕಳೆದುಕೊಂಡು ಮತ್ತೆ ಕಟ್ಟಿಕೊಂಡ ಜೇನು ಇದು. ಅದರ ಬಗ್ಗೆ ಹೇಳುವುದನ್ನು ಸರಿಯಾಗಿ ಹೇಳಬೇಕು ಅಲ್ವಾ?

ಜೇನಿಗಿಂತ ಮೊದಲು ಹೂವು ಬೇಕು. ಊರಿನ ಹೂಗಳ ಪರಾಗ ಹೇಗಿದೆ ಅಂತ ಗೊತ್ತಿಲ್ಲದೆ ಜೇನಿನ ಸ್ಲೈಡ್ ನೋಡಿದರೆ ಏನೂ ತಿಳಿಯುವುದಿಲ್ಲ. ಬೇರೆ ದೇಶದ ಚಿತ್ರಗಳನ್ನು ಇಟ್ಟುಕೊಂಡು ನಮ್ಮ ಕಾಡಿನ ಹೂವು ಗುರುತಿಸಲು ಆಗದು. ಹಾಗಾಗಿ ವರ್ಷವಿಡೀ ಹೂವು ಕೂಡಿಡುತ್ತೇನೆ. ನಾಳೆ ಅರಳುವ ಮೊಗ್ಗೇ ಒಳ್ಳೆಯದು, ಏಕೆಂದರೆ ಅರಳಿದ ಹೂವಿನ ಮೇಲೆ ಜೇನುನೊಣಗಳು ಬೇರೆ ಗಿಡದ ಪರಾಗ ತಂದು ಬಿಟ್ಟಿರುತ್ತವೆ. ಮೊಗ್ಗನ್ನು ಪುಟ್ಟ ಸೀಸೆಯಲ್ಲಿ 70 ಶೇಕಡಾ ಆಲ್ಕೋಹಾಲಿಗೆ ಹಾಕಿ, ಗಿಡದ ಹೆಸರು, ಜಾಗ, ತಾರೀಖು ಬರೆದು ಚೀಟಿಯನ್ನು ಒಳಗೇ ಹಾಕುತ್ತೇನೆ. ಚೀಟಿಗೆ ಪೆನ್ಸಿಲ್ಲೇ ಆಗಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ.

ಜೇನಿನ ಕೆಲಸ ಕಷ್ಟವಲ್ಲ. 10 ಗ್ರಾಂ ಜೇನನ್ನು 20 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವುದು, ಮೇಲಿನ ನೀರು ಚೆಲ್ಲುವುದು, ಮತ್ತೆ ನೀರು ಹಾಕಿ ತಿರುಗಿಸುವುದು. ಕೊಳವೆಯ ತಳದಲ್ಲಿ ಚಿಟಿಕೆಯಷ್ಟು ಹಳದಿ ಗಷ್ಟು ಉಳಿಯುತ್ತದೆ. ಸಫ್ರಾನಿನ್ ಬಣ್ಣ ಬೆರೆಸಿದ ಗ್ಲಿಸರಿನ್ ಜೆಲ್ಲಿಯಲ್ಲಿ ಅದನ್ನು ಕೂರಿಸಿದರೆ ಸ್ಲೈಡ್ ತಯಾರು. ನಾನು ಕನಿಷ್ಠ 300 ಕಣ ಎಣಿಸುತ್ತೇನೆ. 1978ರಲ್ಲಿ ಲೂವೋ, ಮೌರಿಜಿಯೊ, ಫೋರ್ವೋಲ್ ಪ್ರಕಟಿಸಿದ ವಿಧಾನದಲ್ಲಿ ಒಂದೇ ಹೂವಿನ ಪರಾಗ ಶೇ 45ಕ್ಕಿಂತ ಜಾಸ್ತಿ ಇದ್ದರೆ ಅದು ಆ ಜೇನಿನ ಪ್ರಧಾನ ಪರಾಗ. ಶೇ 3ಕ್ಕಿಂತ ಕಡಿಮೆ ಇದ್ದರೆ ಅಲ್ಪ. ಲೆಕ್ಕ ಸುಲಭ, ಅರ್ಥ ಮಾಡಿಕೊಳ್ಳುವುದೇ ಕಷ್ಟ.

ಕಾಫಿ ಜೇನಿನಲ್ಲಿ ಜಾಸ್ತಿ ತೊಡಕಿಲ್ಲ. ಹೂಮಳೆ ಬಿದ್ದು ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಮುಗಿದೂ ಹೋಗುತ್ತದೆ. ಸ್ಪ್ರಿಂಕ್ಲರ್ ಹಾಕಿದ ತೋಟ ಒಂದು ವಾರ ಹೂ ಬಿಟ್ಟರೆ, ಮಳೆಗೆ ಕಾದ ತೋಟ ಇನ್ನೊಂದು ವಾರ, ಹಾಗಾಗಿ ನೊಣಗಳಿಗೆ ಸ್ವಲ್ಪ ಹೆಚ್ಚು ದಿನ ಸಿಗುತ್ತದೆ. ರೊಬಸ್ಟಾ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಸ್ಮಿತಾ ಕೃಷ್ಣನ್, ಕುಶಾಲಪ್ಪ ಮತ್ತು ಸಂಗಡಿಗರು ಕೊಡಗಿನ ತೋಟಗಳಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಜ್ಜೇನು, ತುಡುವೆ, ಮುಜಂಟಿ ಈ ಮೂರೇ ಮುಖ್ಯ ಪರಾಗವಾಹಕಗಳು. ಜೇನು ನಮಗೆ ಕೊಡುವುದು ಬರೀ ತುಪ್ಪ ಅಲ್ಲ, ಕಾಫಿಯನ್ನೂ ಕೊಡುತ್ತದೆ.

ತೊಡಕು ಶುರುವಾಗುವುದು ಮುಟ್ಟಿದರೆ ಮುನಿಯಿಂದ. ರಸ್ತೆ ಬದಿ, ಗದ್ದೆ ಬದು, ಎಲ್ಲೆಲ್ಲೂ ಇರುವ ಗಿಡ ಅದು. ಅದರ ಪರಾಗ ನಾಲ್ಕು ನಾಲ್ಕಾಗಿ ಅಂಟಿಕೊಂಡಿರುತ್ತದೆ. ನಾಲ್ಕೂ ಸೇರಿದರೂ ಒಂದು ಕಾಫಿ ಪರಾಗಕ್ಕಿಂತ ಎಷ್ಟೋ ಚಿಕ್ಕದು. ಕೆಲವು ಸ್ಲೈಡುಗಳಲ್ಲಿ ಅದೇ ತುಂಬಿರುತ್ತದೆ. ಹಾಗಂತ ಅದನ್ನು ಮುಟ್ಟಿದರೆ ಮುನಿಯ ಜೇನು ಅನ್ನಬಹುದೇ? ಖಂಡಿತ ಇಲ್ಲ. ಅದರಲ್ಲಿ ಮಕರಂದ ಇಲ್ಲವೆನ್ನುವಷ್ಟು ಕಡಿಮೆ, ನೊಣ ಹೋಗುವುದು ಪರಾಗಕ್ಕೆ. ಜೊತೆಗೆ ನೊಣದ ಮಕರಂದದ ಚೀಲದಲ್ಲಿ ಒಂದು ಕವಾಟ ಇದೆ. ಹಾರಿ ಬರುವಾಗಲೇ ಅದು ಪರಾಗವನ್ನು ಸೋಸುತ್ತದೆ. ದೊಡ್ಡ ಕಣಗಳು ಬೇಗ ಹೋಗುತ್ತವೆ, ತೀರಾ ಚಿಕ್ಕವು ಉಳಿದುಬಿಡುತ್ತವೆ. ಹಾಗಾಗಿ ನಾನು ಮುಟ್ಟಿದರೆ ಮುನಿಯನ್ನು ಬೇರೆಯಾಗಿ ಬರೆದಿಟ್ಟು, ಉಳಿದ ಪರಾಗದ ಶೇಕಡಾವಾರು ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ.

ಏಲಕ್ಕಿಯದು ಇದಕ್ಕೆ ತದ್ವಿರುದ್ಧ. ಪಕ್ಕದ ಊರಿನ ಮಾವ ಒಬ್ಬರು ಏಲಕ್ಕಿ ಮಲೆಯಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ. ಅವರ ಜೇನು ನೋಡಿದೆ. ನೇರಳೆ ಇತ್ತು, ಸಿಲ್ವರ್ ಓಕ್‌ನ ಮೂರು ಮೂಲೆಯ ಕಣ ಇತ್ತು. ಏಲಕ್ಕಿ ಒಂದೂ ಇಲ್ಲ. ಹೇಳಿದಾಗ ಅವರು ಒಪ್ಪಲಿಲ್ಲ. “ನನ್ನ ಪೆಟ್ಟಿಗೆ ಇರೋದೇ ಏಲಕ್ಕಿ ಗಿಡದ ಮಧ್ಯೆ, ತಮ್ಮ. ನೊಣ ಆ ಹೂವಿಗೆ ನುಗ್ಗೋದನ್ನ ದಿನಾ ನೋಡ್ತೀನಿ. ನಿನ್ನ ಗಾಜಿನಲ್ಲಿ ಕಾಣ್ಲಿಲ್ಲ ಅಂದ್ರೆ ತಪ್ಪು ಗಾಜಿಂದು” ಅಂದರು.

ಅವರು ಹೇಳಿದ್ದೇ ನಿಜ. ಪ್ರಯೋಗಾಲಯಗಳಲ್ಲಿ ಪರಾಗದ ಮೇಲ್ಮೈ ಚೆನ್ನಾಗಿ ಕಾಣಲಿ ಅಂತ ಅಸಿಟಾಲಿಸಿಸ್ ಮಾಡುತ್ತಾರೆ. ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್, ಒಂದು ಪಾಲು ಗಂಧಕಾಮ್ಲ ಬೆರೆಸಿ ಅದರಲ್ಲಿ ಪರಾಗ ಕಾಯಿಸುವುದು. ಒಳಗಿನದೆಲ್ಲ ಕರಗಿ ಗಟ್ಟಿ ಹೊರಕವಚ ಮಾತ್ರ ಉಳಿಯುತ್ತದೆ. (ಮನೆಯಲ್ಲಿ ಯಾರೂ ಇದಕ್ಕೆ ಕೈ ಹಾಕಬೇಡಿ. ನೀರು ತಾಗಿದರೆ ಆ ಮಿಶ್ರಣ ಸಿಡಿಯುತ್ತದೆ.) ಸ್ಲೈಡ್ ಮಾಡುವ ಮೊದಲು ಮಾವನ ಜೇನಿನ ಗಷ್ಟಿಗೂ ಅದನ್ನೇ ಮಾಡಲಾಗಿತ್ತು. ಆದರೆ ಏಲಕ್ಕಿ, ಶುಂಠಿ, ಅರಿಶಿನದ ಕುಟುಂಬದಲ್ಲಿ ಆ ಹೊರಕವಚವೇ ತೀರಾ ತೆಳು. ಆಮ್ಲಕ್ಕೆ ಪೂರ್ತಿ ಕರಗಿಹೋಗುತ್ತದೆ. ಕಾಡಿನ ದಾಲ್ಚಿನ್ನಿಯದೂ ಇದೇ ಕಥೆ. ಅದೇ ಜೇನನ್ನು ಆಮ್ಲ ಮುಟ್ಟಿಸದೆ ಸುಮ್ನೆ ಬಣ್ಣ ಹಾಕಿ ನೋಡಿದೆ. ಅಲ್ಲೊಂದು ಇಲ್ಲೊಂದು ದೊಡ್ಡ, ದುಂಡನೆಯ, ಸಿಪ್ಪೆ ಸುಲಿದ ದ್ರಾಕ್ಷಿಯಂಥ ಕಣ. ನನ್ನ ಸೀಸೆಯ ಏಲಕ್ಕಿ ಮೊಗ್ಗಿನದರ ಪಕ್ಕ ಇಟ್ಟು ನೋಡಿದೆ, ಅದೇ. ಸಂಖ್ಯೆ ಕಡಿಮೆಯೇ, ಯಾಕೆಂದರೆ ಅಷ್ಟು ದೊಡ್ಡ ಕಣವನ್ನು ನೊಣವೂ ಸೋಸಿಬಿಡುತ್ತದೆ. ಈಗ ಪ್ರತಿ ಜೇನಿಗೂ ಎರಡು ಸ್ಲೈಡ್ ಮಾಡುತ್ತೇನೆ, ಒಂದು ಆಮ್ಲದ್ದು, ಒಂದು ಹಸಿಯದು. ನಮ್ಮ ಮಲೆಗಳ ಜೇನಿಗೆ ಇದು ಬೇಕೇ ಬೇಕು.

ಹೆಜ್ಜೇನಿನ ವಿಷಯ ಬೇರೆ. ಎರಿ ಹಿಂಡಿ ತೆಗೆದ ಜೇನಿನಲ್ಲಿ, ಎರಿಯಲ್ಲಿ ಕೂಡಿಟ್ಟ ಪರಾಗವೂ ಸೇರಿಬಿಡುತ್ತದೆ. ಬೈನೆ ಮರದ್ದು, ಹುಲ್ಲಿನದು, ಮಕರಂದಕ್ಕೆ ಸಂಬಂಧವೇ ಇಲ್ಲದ್ದು ಎಲ್ಲ ಸ್ಲೈಡಿಗೆ ಬರುತ್ತದೆ. ಅದನ್ನು ಯಂತ್ರದಲ್ಲಿ ತೆಗೆದ ತುಡುವೆ ಜೇನಿನ ಜೊತೆ ಹೋಲಿಸಬಾರದು. ಮಾದರಿ ಕೊಡುವವರನ್ನು ನಾನು ಮೊದಲು ಕೇಳುವುದೇ ಹಿಂಡಿದ್ದೋ, ಯಂತ್ರದ್ದೋ ಅಂತ. ತೆಳು ಬಟ್ಟೆಯಲ್ಲಿ ಸೋಸಿದ್ದರೆ ತೊಂದರೆ ಇಲ್ಲ, ಪರಾಗ ದಾಟಿ ಬರುತ್ತದೆ. ಕಾರ್ಖಾನೆಯ ಸೂಕ್ಷ್ಮ ಫಿಲ್ಟರ್ ದಾಟಿದ ಜೇನಿನಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ಮಾವನ ಬಾಟಲಿಗೆ ‘ಏಲಕ್ಕಿ ಜೇನು’ ಅಂತ ಬರೆಯಲು ನಾನು ಹೇಳಲಿಲ್ಲ. ‘ಏಲಕ್ಕಿ ಮಲೆಯ ಜೇನು, ನೇರಳೆ ಮತ್ತು ಸಿಲ್ವರ್ ಓಕ್ ಬೆರೆತದ್ದು’ ಅಂತ ಬರೆಯಿರಿ ಅಂದೆ, ಅವರು ಹಾಗೇ ಬರೆಸಿದ್ದಾರೆ. ನಿಮ್ಮ ಜೇನನ್ನೂ ಹೀಗೆ ನೋಡಿಸಬೇಕು ಅಂತಿದ್ದರೆ ಫೆಬ್ರವರಿಯಲ್ಲಿ ರೊಬಸ್ಟಾ ಮೊಗ್ಗಿನಿಂದಲೇ ಸೀಸೆ ತುಂಬಿಸಲು ಶುರು ಮಾಡಿ. ಪೆಟ್ಟಿಗೆಯ ಸುತ್ತ ಯಾವ ಹೂ ಯಾವಾಗ ಬಿಡುತ್ತದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಸ್ಲೈಡ್ ನೋಡುವವರಿಗೆ ಜೇನಿನ ಜೊತೆಗೆ ಆ ಸೀಸೆಗಳನ್ನೂ ಪುಸ್ತಕವನ್ನೂ ಕೊಡಿ.