ಬ್ಯಾಟರಿ ಕೈಕೊಟ್ಟ ಮೇಲೆ ಗೇರ್ ಕೋಡ್ ಬಂದರೆ ಏನು ನೋಡಬೇಕು

ಬ್ಯಾಟರಿ ಇಳಿದು, ಬೇರೆ ಗಾಡಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದಿರಿ. ಕೂಡಲೇ ಗೇರ್ ಲೈಟ್ ಹೊತ್ತಿತು, ಆಟೋಮ್ಯಾಟಿಕ್ ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಗೇರ್‌ಬಾಕ್ಸ್ ಇಳಿಸುವ ಮಾತು ಈಗಲೇ ಬೇಡ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿಗೆ ಬ್ಯಾಟರಿ ನೀರು ಆರಿ ಪ್ಲೇಟು ಹಾಳಾಗುತ್ತವೆ. ಬೆಳಗಾವಿ, ಖಾನಾಪುರದ ಮಳೆಗೆ ಟರ್ಮಿನಲ್ಲು, ಅರ್ಥ್ ವೈರು (ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್, ಬಾಡಿಗಳಿಗೆ ಹೋಗುವ ವೈರು) ಹಸಿರುಗಟ್ಟುತ್ತವೆ. ಎರಡರಲ್ಲೂ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು, ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್ (ಟಿಸಿಎಂ) ನಡುವೆಯೇ ಆಫ್ ಆಗುತ್ತದೆ. ಕೋಡ್, ಅಂದರೆ ಕಂಪ್ಯೂಟರ್ ತನ್ನೊಳಗೆ ಬರೆದಿಡುವ ದೋಷದ ಸಂಖ್ಯೆ, ಬೀಳುವುದು ಆಗಲೇ.

ಮೊದಲು ಕೋಡ್ ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಅಷ್ಟೇ ತೋರಿಸುತ್ತವೆ. ಪಿ0700 ಕಂಡರೆ ಅದರ ಅರ್ಥ "ಟಿಸಿಎಂ ಒಳಗೆ ಕೋಡ್ ಇದೆ, ಅಲ್ಲಿ ನೋಡಿ" ಎಂದಷ್ಟೇ. ಹಾಗಾಗಿ ಟಿಸಿಎಂ ಓದುವ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು. ಪಿ0562 ವೋಲ್ಟೇಜ್ ಕಡಿಮೆಯಾದ ಕೋಡ್, ಪಿ0882 ಟಿಸಿಎಂಗೆ ಕರೆಂಟ್ ಸಾಲದ್ದು, ಯು0101 ಟಿಸಿಎಂ ಜೊತೆ ಸಂಪರ್ಕ ತಪ್ಪಿದ್ದು. ಈ ಮೂರು ಜೊತೆಯಲ್ಲಿದ್ದರೆ ಬ್ಯಾಟರಿ ಕಡೆಯೇ ಮೊದಲ ಅನುಮಾನ. ಪಿ0730 (ಗೇರ್ ಅನುಪಾತ ತಪ್ಪು) ಅಥವಾ ಪಿ0741 (ಟಾರ್ಕ್ ಕನ್ವರ್ಟರ್ ಕ್ಲಚ್) ಒಂದೇ ಇದ್ದರೆ ಬ್ಯಾಟರಿಯನ್ನು ದೂರುವುದು ಕಷ್ಟ. ಗೇರ್ ಆಯಿಲ್ ಮಟ್ಟ ಮತ್ತು ಬಣ್ಣ ನೋಡಿ.

ಇನ್ನು ಮಲ್ಟಿಮೀಟರ್. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ ಕಂಬಗಳ ಮೇಲೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7, ಹೊಸ ಸ್ಮಾರ್ಟ್ ಅಲ್ಟರ್ನೇಟರ್ ಗಾಡಿಗಳಲ್ಲಿ ಇದಕ್ಕಿಂತ ಆಚೀಚೆ ಆಗುತ್ತದೆ, ಗಾಬರಿ ಬೇಡ.

ಬ್ಯಾಟರಿ ಸರಿ ಇದ್ದೂ ಕೋಡ್ ಮರಳಿ ಬರುತ್ತಿದ್ದರೆ ಬಹಳ ಮಂದಿ ಬಿಟ್ಟುಬಿಡುವ ಪರೀಕ್ಷೆ ಒಂದಿದೆ: ಅರ್ಥ್. ಗೇರ್ ಲಿವರನ್ನು ಪಾರ್ಕಿನಲ್ಲಿ (ಪಿ) ಇಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಅಂದರೆ ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ. ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ. ಒಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥ್ ವೈರು ಕೆಟ್ಟಿದೆ, ಅಥವಾ ಬೋಲ್ಟ್ ಸಡಿಲ. ಕೆಂಪು ಕಡ್ಡಿಯನ್ನು ಗಾಡಿಯ ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಇನ್ನೊಮ್ಮೆ ನೋಡಿ. 10 ನಂಬರ್ ಪಾನಾದಿಂದ ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಅಲ್ಟರ್ನೇಟರ್ ಸರಿ ಇದೆಯೋ ಎಂದು ನೋಡಲು ಓಡುವ ಎಂಜಿನ್ನಿನಲ್ಲಿ ಟರ್ಮಿನಲ್ ಕೀಳುವ ಹಳೇ ಚಾಳಿ ಇನ್ನೂ ಹೋಗಿಲ್ಲ. ಆ ಕ್ಷಣ ಏರುವ ವೋಲ್ಟೇಜ್ ಟಿಸಿಎಂ ಅನ್ನೇ ಸುಡಬಲ್ಲದು. ಯಾರಾದರೂ ಕೀಳಲು ಬಂದರೆ ಕೈ ಹಿಡಿದು ನಿಲ್ಲಿಸಿ.

ವೋಲ್ಟೇಜ್ ಸರಿಯಾದ ಮೇಲೆ ಕೋಡ್ ಅಳಿಸಿ, ಊರೊಳಗೂ ಹೈವೇಯಲ್ಲೂ ಎಲ್ಲ ಗೇರ್ ಬೀಳುವ ಹಾಗೆ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಕೆಲವು ಗಾಡಿಗಳಲ್ಲಿ ಟಿಸಿಎಂ ಕಲಿತಿಟ್ಟ ಗೇರ್ ಬದಲಿಸುವ ಲೆಕ್ಕ ಅಳಿಸಿರುವುದರಿಂದ ಮೊದಲು ಗೇರ್ ಜರ್ಕ್ ಹೊಡೆಯಬಹುದು. ಎಎಂಟಿ (ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್, ಗೇರ್‌ಗಳನ್ನು ಕಂಪ್ಯೂಟರೇ ನಡೆಸುವ) ಗಾಡಿಗೆ ಕ್ಲಚ್ ಹಿಡಿಯುವ ಬಿಂದುವನ್ನು ಸ್ಕ್ಯಾನರ್‌ನಿಂದ ಮತ್ತೆ ಕಲಿಸಬೇಕಾಗಬಹುದು. ಹೈಡ್ರಾಲಿಕ್ ಎಎಂಟಿಗಳಲ್ಲಿ ಬಹಳಷ್ಟು ಡ್ರೈವರ್ ಬಾಗಿಲು ತೆರೆದಾಗ ಗುಂಯ್ ಎಂದು ಪಂಪ್ ಓಡಿಸುತ್ತವೆ. ಆ ಸದ್ದು ಮಂಕಾಗಿದ್ದರೆ ಒತ್ತಡ ಕಟ್ಟದೆ ಗೇರ್ ಬೀಳುವುದಿಲ್ಲ, ಅದಕ್ಕೂ ಸೊರಗಿದ ಬ್ಯಾಟರಿ ಕಾರಣ ಆಗಬಹುದು.

ಹೊಸ ಬ್ಯಾಟರಿ ಹಾಕುವುದಾದರೆ ಕಂಪನಿ ಹೇಳಿದ ಆಂಪಿಯರ್-ಅವರ್‌ದೇ ಇರಲಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಗಾಡಿಗೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬೇಗ ಸಾಯುತ್ತದೆ.

ಇಷ್ಟಾದ ಮೇಲೂ ಅದೇ ಕೋಡ್ ಬಂದರೆ ಟಿಸಿಎಂ ಫ್ಯೂಸ್, ಅದರ ಕನೆಕ್ಟರಿನ ಪಿನ್ನುಗಳು, ಒಳಗೆ ಸೇರಿರುವ ನೀರು ಅಥವಾ ಎಣ್ಣೆ ನೋಡಿಸಿ. ಟಿಸಿಎಂ ಬದಲಿಸಿ ಎಂದು ಹೇಳುವ ಮಿಸ್ತ್ರಿಗೆ, ಕನೆಕ್ಟರಿನಲ್ಲಿ ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್ ಸಿಕ್ಕಿತು ಎಂದು ಕೇಳಿ. ಆ ಅಂಕಿ ಇಲ್ಲದೆ ದುಡ್ಡು ಕೊಡಬೇಡಿ. ಹಳೇ ಗಾಡಿಯಿಂದ ಬಿಚ್ಚಿದ ಟಿಸಿಎಂ ಹಾಕಿದರೂ ಹೆಚ್ಚಿನ ಗಾಡಿಗಳಲ್ಲಿ ಕೋಡಿಂಗ್ ಖರ್ಚು ಬೇರೆ.